ಕಡಲು ಯಾರದು? ಕಾಸು ಯಾರಿಗೆ?

(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಒಂದು ಜಗಳದಿಂದ ಮಾತು ಶುರು ಮಾಡುತ್ತೇನೆ. ಅಲ್ಲಿನ ಹೆದ್ದಾರಿಗಳಿಗೆ ದುಡ್ಡು ಬರುವುದು ಮುಖ್ಯವಾಗಿ ಪೆಟ್ರೋಲ್, ಡೀಸೆಲ್ ತೆರಿಗೆಯಿಂದ. ಪೆಟ್ರೋಲಿಗೆ ಅಲ್ಲಿನ ಕೇಂದ್ರದ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್. 1993ರಿಂದ ಅದನ್ನು ಏರಿಸುವ ಎದೆಗಾರಿಕೆ ಯಾವ ಪಕ್ಷಕ್ಕೂ ಬಂದಿಲ್ಲ. ರಸ್ತೆ ನಿಧಿ ಸೊರಗಿತು. 2012ರಲ್ಲಿ ಅಲ್ಲಿನ ಕೆಳಮನೆಯ ಸಭಾಧ್ಯಕ್ಷ ಜಾನ್ ಬೇನರ್ ಅವರ ಪಕ್ಷ ಒಂದು ಉಪಾಯ ಹೂಡಿತು. ಕಡಲಲ್ಲಿ ಇನ್ನಷ್ಟು ತೈಲ ಬಾವಿ ಕೊರೆಯೋಣ, ಬಂದ ರಾಯಧನದಲ್ಲಿ ರಸ್ತೆ ಮಾಡೋಣ! ಅದಕ್ಕೆ ಎರಡೇ ವರ್ಷ ಹಿಂದೆ, 2010ರಲ್ಲಿ, ಮೆಕ್ಸಿಕೋ ಕೊಲ್ಲಿಯ ಬಾವಿ ಸಿಡಿದು 11 ಕಾರ್ಮಿಕರು ಸತ್ತಿದ್ದರು. 87 ದಿನ ಎಣ್ಣೆ ಸಮುದ್ರಕ್ಕೆ ಹರಿದಿತ್ತು. ರಸ್ತೆಗೆ ದುಡ್ಡು ಇವತ್ತು ಬೇಕು, ಬಾವಿಯ ದುಡ್ಡು ಬರುವುದು ಎಷ್ಟೋ ವರ್ಷದ ಮೇಲೆ. ಕೊನೆಗೆ ಆ ಜುಲೈನಲ್ಲಿ ಸಹಿಯಾದ ಸಾರಿಗೆ ಕಾಯ್ದೆಯಲ್ಲಿ ಹೊಸ ಬಾವಿಗಳ ಮಾತೇ ಇರಲಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ಅಲ್ಲಿನ 2006ರ ಕಾಯ್ದೆಯಂತೆ ಕೊಲ್ಲಿಯ ನಿಗದಿತ ತೈಲ ಗುತ್ತಿಗೆಗಳ ಆದಾಯದಲ್ಲಿ, ಒಂದು ಮಿತಿಯೊಳಗೆ, ನೂರಕ್ಕೆ 37.5 ಪಾಲು ಟೆಕ್ಸಾಸ್, ಲೂಸಿಯಾನ, ಮಿಸಿಸಿಪ್ಪಿ, ಅಲಬಾಮ ರಾಜ್ಯಗಳಿಗೆ ಸೇರುತ್ತದೆ. ಎಣ್ಣೆ ಚೆಲ್ಲಿದರೆ ಬಂದು ಬೀಳುವುದು ಅವರ ದಡಕ್ಕೇ ಅಲ್ಲವೇ?

ನಮ್ಮಲ್ಲಿ? ಸಂವಿಧಾನದ 297ನೇ ವಿಧಿಯಂತೆ ಕಡಲ ತಳದ ಸಂಪತ್ತೆಲ್ಲ ಕೇಂದ್ರದ್ದು. ನೆಲದ ಬಾವಿಗಳಿಗೆ ಅಸ್ಸಾಂ, ಗುಜರಾತುಗಳಿಗೆ ರಾಯಧನ ಉಂಟು; ಬಾಂಬೆ ಹೈ ರಾಯಧನ ದಿಲ್ಲಿಗೆ. ಬಂಕಿನಲ್ಲಿ ನಾವು ತೆರುವ ರಸ್ತೆ ಸೆಸ್ಸು ಕೂಡ 270ನೇ ವಿಧಿಯಂತೆ ರಾಜ್ಯಗಳಿಗೆ ಹಂಚುವ ತೆರಿಗೆಗೆ ಸೇರುವುದಿಲ್ಲ. ಅದರಲ್ಲಿ ನಮ್ಮ ರಸ್ತೆಗೆ ಒಂದಿಷ್ಟು ಬರಬೇಕಾದರೂ ದಿಲ್ಲಿಯ ಮಂಜೂರಾತಿಗೆ ಕಾಯಬೇಕು. ಬಾವಿಯೂ ಅವರದು, ಸೆಸ್ಸೂ ಅವರದು, ಹೊಗೆ ಮಾತ್ರ ನಮ್ಮದು!

‘ಕಾರವಾರದಿಂದ ಉಳ್ಳಾಲದವರೆಗೆ ತೈಲ ಬಾವಿಯೇ ಇಲ್ಲವಲ್ಲ’ ಎನ್ನಬೇಡಿ. ಕೊರೆದ ಮೇಲೆ ಪಾಲು ಕೇಳಿದರೆ ಕೊಡುವವರು ಯಾರು? 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ತೈಲ ಹುಡುಕಾಟದ ಯೋಜನೆಗಳನ್ನು ಬಿ-2 ದರ್ಜೆಗೆ ಇಳಿಸಿತು. ಅಂದರೆ ಹುಡುಕಾಟದ ಕೊರೆತಕ್ಕೆ ಸಾರ್ವಜನಿಕ ವಿಚಾರಣೆ ಬೇಕಿಲ್ಲ. ವಿಚಾರಣೆ ಇದ್ದರೆ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕೆಂಬ ಕಟ್ಟಳೆ ಇದೆ. ವಿಚಾರಣೆಯೇ ಹೋದಾಗ ಅದರ ಜೊತೆ ಕನ್ನಡವೂ ಹೋಯಿತು! ನಾಳೆ ಮಲ್ಪೆಯ ಮೀನುಗಾರನ ಬಲೆಯ ಪಕ್ಕ ಕೊರೆಯುವ ಯಂತ್ರ ಬಂದು ನಿಂತರೆ ಅವನು ಯಾರನ್ನು, ಯಾವ ಭಾಷೆಯಲ್ಲಿ ಕೇಳಬೇಕು?

ನಮ್ಮ 28 ಲೋಕಸಭಾ ಸದಸ್ಯರು ಪಕ್ಷ ಮರೆತು ಕೇಳಬೇಕಾದ್ದು ಎರಡು. ಕಡಲ ರಾಯಧನದಲ್ಲಿ ಕರಾವಳಿ ರಾಜ್ಯಕ್ಕೆ ಪಾಲು. ಕೊರೆಯುವ ಮುಂಚೆ ಕನ್ನಡದಲ್ಲಿ ವಿಚಾರಣೆ. ಮನವಿ ಪತ್ರ ಬಾಗಿಲ ಬಳಿ ಇಟ್ಟಿದ್ದೇವೆ. ಸಹಿ ಹಾಕಿ ಹೋಗಿ, ಕನ್ನಡದಲ್ಲೇ ಹಾಕಿ.