ಹೆದ್ದಾರಿಯ ಅಂಚಿನಲ್ಲಿ ಸೈಕಲ್ಲು

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಗುಡ್ಡದ ಸೆರಗಿನ ಈ ಊರಿಗೆ ತೆಂಗಿನ ಸೀಮೆಯವನೊಬ್ಬನನ್ನು ಕರೆಸಿ ಸೈಕಲ್ಲಿನ ಬಗ್ಗೆ ಮಾತನಾಡಬೇಕೆಂದು ಹೇಳಿದ್ದೀರಿ. ಅಣೆಕಟ್ಟು, ಗಣಿಗಾರಿಕೆ, ಏಕಜಾತಿಯ ನೆಡುತೋಪು ಇವುಗಳ ಕುರಿತು ಚರ್ಚಿಸುವ ವೇದಿಕೆಗೆ ಇದು ತೀರ ಸಣ್ಣ ವಿಷಯವೆಂದು ಕೆಲವರಿಗಾದರೂ ಅನಿಸಿರಬಹುದು. ಆದರೆ ನಮ್ಮನ್ನೂ ನಿಮ್ಮನ್ನೂ ಜೋಡಿಸಿರುವ ರಸ್ತೆ ಒಂದೇ. ತುಮಕೂರಿನಿಂದ ಹೊರಟು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರಗಳನ್ನು ಹಾದು ಹೊನ್ನಾವರದಲ್ಲಿ ಕಡಲು ಮುಟ್ಟುತ್ತಿದ್ದ ಹಳೆಯ 206ನೇ ರಾಷ್ಟ್ರೀಯ ಹೆದ್ದಾರಿ ಅದು. ಸಂಖ್ಯೆಗಳು ಬದಲಾಗಿ ತಿಪಟೂರಿನ ಭಾಗ 73ಕ್ಕೂ, ಶಿವಮೊಗ್ಗ–ಸಾಗರದ ಭಾಗ 69ಕ್ಕೂ ಸೇರಿದವು. ಜನರ ಬಾಯಲ್ಲಿ ಮಾತ್ರ ತುಮಕೂರಿನಲ್ಲೂ ತಿಪಟೂರಿನಲ್ಲೂ ಶಿವಮೊಗ್ಗದಲ್ಲೂ ಅದು ಬಿ.ಎಚ್. ರಸ್ತೆ, ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಈ ರಸ್ತೆಯ ಅಂಚಿನಲ್ಲಿ ಸೈಕಲ್ಲು ತುಳಿಯುವವರಿಗೆ ನಮ್ಮ ಕಡೆ ಏನಾಗುತ್ತಿದೆಯೋ ಅದು ನಿಮ್ಮ ಕಡೆಯೂ ಆಗುತ್ತಿದೆ, ಅಥವಾ ಆಗಲಿದೆ.

ನಮ್ಮ ಸೀಮೆಯಲ್ಲಿ ಸೈಕಲ್ಲು ಯಾರದು? ಉದ್ದನೆಯ ಬಿದಿರ ಗಳುವಿನ ತುದಿಗೆ ಕುಡುಗೋಲು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುವ ಕಾಯಿ ಕೀಳುವವರದು. ಹ್ಯಾಂಡಲ್ಲಿನ ಎರಡೂ ಬದಿಗೆ ಎಳನೀರಿನ ಗೊನೆ ಇಳಿಬಿಟ್ಟು ಪೇಟೆಗೆ ಬರುವವರದು. ಕಾಯಿ ಸುಲಿಯಲು, ಕೊಬ್ಬರಿ ಒಡೆಯಲು, ನಾರಿನ ಕಾರ್ಖಾನೆಯಲ್ಲಿ ದುಡಿಯಲು ಹೋಗುವವರದು. ಹಾಲಿನ ಡೇರಿಗೆ ಕ್ಯಾನು ಒಯ್ಯುವವರದು. ಮತ್ತು ಪ್ರೌಢಶಾಲೆಯ ಮಕ್ಕಳದು. ಕೊಬ್ಬರಿಯ ಒಡೆಯರು ಬಹಳ ಹಿಂದೆಯೇ ಮೋಟಾರು ಸೈಕಲ್ಲಿಗೆ, ಅನಂತರ ಕಾರಿಗೆ ಏರಿದರು; ಕೊಬ್ಬರಿಯನ್ನು ಕೈಯಿಂದ ಮುಟ್ಟುವವರು ಇನ್ನೂ ಸೈಕಲ್ಲಿನ ಮೇಲಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದ ಶೇಕಡಾ 44.8ರಷ್ಟು ಮನೆಗಳಲ್ಲಿ ಸೈಕಲ್ಲಿತ್ತು. ಮೋಟಾರಿನ ದ್ವಿಚಕ್ರ ವಾಹನವಿದ್ದದ್ದು ಶೇಕಡಾ 21ರಷ್ಟು ಮನೆಗಳಲ್ಲಿ. ರಸ್ತೆಯ ನಕ್ಷೆ ಬರೆಯುವವರ ಮೇಜಿನ ಮೇಲೆ ಮಾತ್ರ ಈ 44.8ರ ಗುರುತೇ ಕಾಣುವುದಿಲ್ಲ.

ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಮೊದಲು ಹೆಣ್ಣುಮಕ್ಕಳಿಗೆ, ಅನಂತರ ಗಂಡುಮಕ್ಕಳಿಗೂ. ಏಳನೆಯ ತರಗತಿ ಮುಗಿದೊಡನೆ ‘ದೂರವಾಯಿತು, ಸಾಕು ಬಿಡು’ ಎನ್ನುತ್ತಿದ್ದ ಮನೆಗಳಿಂದ ಹುಡುಗಿಯರು ಗುಂಪುಗುಂಪಾಗಿ ಸೈಕಲ್ಲಿನಲ್ಲಿ ಹೊರಟದ್ದು ನಮ್ಮ ಕಾಲದ ಒಂದು ದೊಡ್ಡ ಬದಲಾವಣೆ. ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳಿದ್ದವು. ನಟ್ಟು ಸಡಿಲವೆಂದೂ, ಬ್ರೇಕು ಹಿಡಿಯದೆಂದೂ ಕೊಟ್ಟ ವಾರದಲ್ಲೇ ರಿಪೇರಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ಆದರೂ ಅದು ಬಂದಿತ್ತು. ಕೋವಿಡ್ ಕಾಲಿಟ್ಟ 2020ರ ನಂತರ ವಿತರಣೆ ನಿಂತು ವರ್ಷಗಳೇ ಕಳೆದವು. ಅದೇ 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ನಮ್ಮ ಹಿರಿಯರು ಕಂಡಿದ್ದ ಅಟ್ಲಾಸ್ ಸೈಕಲ್ ಕಂಪನಿ ಸಾಹಿಬಾಬಾದಿನಲ್ಲಿದ್ದ ತನ್ನ ಕೊನೆಯ ಕಾರ್ಖಾನೆಯನ್ನು ಮುಚ್ಚಿತು.

ಇನ್ನು ಸೈಕಲ್ಲಿನ ಆಯ್ಕೆಯ ವಿಷಯ. ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವುದು ಇದನ್ನೇ: ಗೇರಿನ ಸೈಕಲ್ಲು ಕೊಳ್ಳಬೇಕೆ, ಬೇಡವೆ? ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ. ನಿಮ್ಮ ಸೈಕಲ್ಲಿನ ಹಲ್ಲುಗಳಲ್ಲಿದೆ. ಪೆಡಲಿನ ಬಳಿಯ ದೊಡ್ಡ ಚಕ್ರದ ಹಲ್ಲುಗಳನ್ನೂ, ಹಿಂದಿನ ಗಾಲಿಯ ಫ್ರೀವೀಲಿನ ಹಲ್ಲುಗಳನ್ನೂ ಎಣಿಸಿ. ಹಳೆಯ ಮಾದರಿಯ ಕಪ್ಪು ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಇರುತ್ತವೆ. ನಲವತ್ತನಾಲ್ಕನ್ನು ಹದಿನೆಂಟರಿಂದ ಭಾಗಿಸಿದರೆ 2.44. ಎಂದರೆ ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಇಪ್ಪತ್ತೆಂಟು ಇಂಚಿನ ಗಾಲಿಯ ಸುತ್ತಳತೆ ಸುಮಾರು 2.23 ಮೀಟರ್. ಹೀಗೆ ಒಂದು ತುಳಿತಕ್ಕೆ ನೀವು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತೀರಿ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿಗೆ ಹತ್ತಿರದ ವೇಗ. ಸಮತಟ್ಟಾದ ರಸ್ತೆಗೆ, ಖಾಲಿ ಕ್ಯಾರಿಯರಿಗೆ ಇದು ಸೊಗಸಾದ ಲೆಕ್ಕ.

ಆದರೆ ಕ್ಯಾರಿಯರಿಗೆ ಸುಲಿದ ನೂರು ಕಾಯಿಯ ಮೂಟೆ ಕಟ್ಟಿ ನೋಡಿ. ಐವತ್ತು ಕೆಜಿಗೆ ಕಡಿಮೆ ಇರುವುದಿಲ್ಲ. ತುಳಿಯುವವನ ತೂಕ 55, ಸೈಕಲ್ಲಿನದು 20. ಒಟ್ಟು 125 ಕೆಜಿ. ನೂರು ಮೀಟರಿಗೆ ಐದು ಮೀಟರು ಏರುವ ದಿಬ್ಬ ಬಂದಿತು. ಪೆಡಲಿನ ತೋಳು ಸುಮಾರು 17 ಸೆಂಟಿಮೀಟರು ಉದ್ದವಿದ್ದರೆ, ನೆಲದ ಘರ್ಷಣೆಯನ್ನು ಬಿಟ್ಟರೂ, ಕಾಲು ಸರಾಸರಿ 32 ಕೆಜಿ ಭಾರವನ್ನು ಬಿಡದೆ ಒತ್ತುತ್ತಲೇ ಇರಬೇಕು. ಪೆಡಲು ಮೇಲೆ ಅಥವಾ ಕೆಳಗೆ ಇರುವಾಗ ಒತ್ತಡ ಹತ್ತುವುದಿಲ್ಲವಾದ್ದರಿಂದ ಉಳಿದ ಹೊತ್ತಿನಲ್ಲಿ ಅದು ಇನ್ನೂ ಹೆಚ್ಚು ಬೇಕು. ಆದ್ದರಿಂದಲೇ ದಿಬ್ಬದ ಬುಡದಲ್ಲಿ ನಮ್ಮವರು ಇಳಿದು ನೂಕುತ್ತಾರೆ. ಈಗ ಹಿಂದಿನ ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಾಯಿಸಿ. ಮುಂದಿನ ಹಲ್ಲುಗಳ ಸಂಖ್ಯೆ ಹಿಂದಿನದರ ಸರಿಯಾಗಿ ಎರಡರಷ್ಟಾಯಿತು. ಒಂದು ತುಳಿತಕ್ಕೆ ಸುಮಾರು ನಾಲ್ಕೂವರೆ ಮೀಟರು. ಅದೇ ದಿಬ್ಬಕ್ಕೆ 26 ಕೆಜಿ. ಸಪಾಟಿನಲ್ಲಿ ಸ್ವಲ್ಪ ನಿಧಾನ, ದಿಬ್ಬದಲ್ಲಿ ಮೊಣಕಾಲಿಗೆ ಬಿಡುವು. ಹೊಸ ಸೈಕಲ್ಲಿನ ಬೆಲೆಯೆಲ್ಲಿ, ಒಂದು ಫ್ರೀವೀಲಿನ ಬೆಲೆಯೆಲ್ಲಿ! ಗಾಲಿಯನ್ನು ಅರ್ಧ ಇಂಚು ಮುಂದಕ್ಕೆ ಸರಿಸಬೇಕು, ಜಾಗ ಸಾಲದಿದ್ದರೆ ಸರಪಳಿಗೆ ಕೊಂಡಿ ಸೇರಿಸಬೇಕು, ಅಷ್ಟೇ. ಯಾವ ರಿಪೇರಿ ಅಂಗಡಿಯವರಿಗೂ ಇದು ಗೊತ್ತಿರುವ ಕೆಲಸ. ಕೇಳುವವರೇ ಕಡಿಮೆ.

ಹಾಗಾದರೆ ಇಪ್ಪತ್ತೊಂದು ಗೇರಿನ ಸೈಕಲ್ಲು? ನಿಜ ಹೇಳಬೇಕೆಂದರೆ, ತಿಪಟೂರು–ತುರುವೇಕೆರೆಯ ನಡುವಿನ ಮೆಲುವಾದ ಏರಿಳಿತಕ್ಕೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಮುಂದೆ ಮೂರು, ಹಿಂದೆ ಏಳು ಚಕ್ರಗಳನ್ನು ಗುಣಿಸಿ ಇಪ್ಪತ್ತೊಂದು ಎನ್ನುತ್ತಾರೆ. ಅವುಗಳಲ್ಲಿ ಎಷ್ಟೋ ಒಂದೇ ಲೆಕ್ಕಕ್ಕೆ ಬರುತ್ತವೆ. ಅಗ್ಗದ ಸೈಕಲ್ಲುಗಳಿಗೆ ಹಾಕುವ ಶಾಕ್ ಅಬ್ಸಾರ್ಬರು ಭಾರವನ್ನು ಹೆಚ್ಚಿಸಿ, ದಿಬ್ಬದಲ್ಲಿ ತುಳಿದ ಬಲದ ಒಂದು ಪಾಲನ್ನು ತಾನೇ ನುಂಗುತ್ತದೆ. ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಸರಪಳಿಗೆ ಮುಚ್ಚಳವಿಲ್ಲ. ಕಾಯಿಯ ಮೂಟೆಯನ್ನಾಗಲಿ ಹಾಲಿನ ಕ್ಯಾನನ್ನಾಗಲಿ ಎಲ್ಲಿ ಕಟ್ಟುವುದು? ಆದರೆ ನಿಮ್ಮ ಗುಡ್ಡಗಳ ಮಾತು ಬೇರೆ. ನಮ್ಮಲ್ಲೂ ಚಿಕ್ಕನಾಯಕನಹಳ್ಳಿಯ ಮದಲಿಂಗನ ಕಣಿವೆಯಂಥ ಏರು ಹತ್ತುವವರ ಮಾತು ಬೇರೆ. ಅಂಥವರು ಹಿಂದೆ ಮಾತ್ರ ಆರೇಳು ಗೇರುಗಳಿರುವ, ಶಾಕ್ ಅಬ್ಸಾರ್ಬರ್ ಇಲ್ಲದ, ಗಟ್ಟಿ ಕ್ಯಾರಿಯರು ಕೂರುವ ಸೈಕಲ್ಲನ್ನು ಹುಡುಕಲಿ. ಗಾಲಿಯ ಗುಂಭದೊಳಗೇ ಮೂರು ಗೇರು ಅಡಗಿಸುವ ವಿದ್ಯೆಯನ್ನು ಇಂಗ್ಲೆಂಡಿನ ಸ್ಟರ್ಮೆ ಆರ್ಚರ್ ಕಂಪನಿ 1902ರಷ್ಟು ಹಿಂದೆಯೇ ಮಾರುಕಟ್ಟೆಗೆ ತಂದಿತ್ತು. ಧೂಳು, ಹುಲ್ಲು, ಮಳೆ ಯಾವುದೂ ತಾಗದ ಅಂಥದೊಂದು ನಮ್ಮ ಹಳ್ಳಿಯ ಸೈಕಲ್ಲಿಗೆ ಅಗ್ಗವಾಗಿ ದೊರೆಯುವಂತಾಗಬೇಕಿತ್ತು; ಆಗಲಿಲ್ಲ.

ಮಳೆಯ ಮಾತು ಬಂದದ್ದರಿಂದ ಬ್ರೇಕಿನ ಬಗ್ಗೆ ಒಂದು ಎಚ್ಚರಿಕೆ. ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರು ಅದರ ಮೇಲೆ ಜಾರುತ್ತದೆ. ಒಣ ರಸ್ತೆಯಲ್ಲಿ ನಿಲ್ಲುವ ದೂರಕ್ಕೆ ಸೈಕಲ್ಲು ನಿಲ್ಲುವುದೇ ಇಲ್ಲ. ಇಳಿಜಾರು ಆರಂಭವಾಗುವ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು. ಎರಡೂ ಬ್ರೇಕುಗಳನ್ನು ಒಟ್ಟಿಗೆ ಬಳಸಬೇಕು. ಮಲೆನಾಡಿನ ಆಷಾಢದಲ್ಲಿ ಸೈಕಲ್ಲು ತುಳಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಸೀಟಿನ ಎತ್ತರವನ್ನೂ ಗಮನಿಸಿ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಸೈಕಲ್ಲು ಸಿಕ್ಕಿರುತ್ತದೆ. ಪೆಡಲು ಕೆಳಗಿರುವಾಗ ಮೊಣಕಾಲು ಬಹುಮಟ್ಟಿಗೆ ನೇರವಾಗುವಂತೆ ಸೀಟನ್ನು ಏರಿಸಿದರೆ ಅರ್ಧ ಆಯಾಸ ಕಡಿಮೆಯಾಗುತ್ತದೆ.

ಸೈಕಲ್ಲು ಸರಿಯಾಯಿತು. ರಸ್ತೆ?

ನಮ್ಮ ಕಿಬ್ಬನಹಳ್ಳಿ ಕ್ರಾಸನ್ನು ನೋಡಿದವರು ನಿಮ್ಮಲ್ಲಿಯೂ ಇರಬಹುದು. ಬಿ.ಎಚ್. ರಸ್ತೆಯನ್ನು ಅಲ್ಲಿ ಇನ್ನೊಂದು ಹೆದ್ದಾರಿ ಕತ್ತರಿಸುತ್ತದೆ. ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ಹುಳಿಯಾರು. ದಕ್ಷಿಣಕ್ಕೆ ತುರುವೇಕೆರೆ, ನಾಗಮಂಗಲ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳು ಓಡುತ್ತಿದ್ದ ವರ್ಷಗಳಲ್ಲಿ ರಸ್ತೆಯ ಅಂಚು ಕೆಂಪು ಧೂಳಾಗಿತ್ತು. ಸೈಕಲ್ಲಿನವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದರು. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕಿದಾಗ ಪರಿಸರದವರು ಗುಡ್ಡ ಉಳಿಯಿತೆಂದು ಸಮಾಧಾನಪಟ್ಟರು. ರಸ್ತೆಯೂ ಉಸಿರಾಡಿತೆಂಬುದನ್ನು ಯಾರೂ ಬರೆಯಲಿಲ್ಲ.

ಈಗ ತುಮಕೂರು–ಶಿವಮೊಗ್ಗ ರಸ್ತೆ ನಾಲ್ಕು ಪಥಗಳಾಗಿ ಅಗಲವಾಗಿದೆ. ಬಸ್ಸು, ಲಾರಿಗಳಿಗೆ ಅನುಕೂಲವೇನೋ ಆಯಿತು. ಆದರೆ ನಡುವಿನ ವಿಭಜಕವನ್ನು ಗಮನಿಸಿ. ತೋಟ ರಸ್ತೆಯ ಒಂದು ಬದಿಗೆ, ಊರು ಇನ್ನೊಂದು ಬದಿಗೆ. ಮೊದಲು ಆ ಕಡೆ ಈ ಕಡೆ ನೋಡಿ ದಾಟುತ್ತಿದ್ದವನು ಈಗ ದಾಟುವ ಜಾಗಕ್ಕಾಗಿ ಬಹುದೂರ ಹೋಗಿ, ತಿರುಗಿ ಅಷ್ಟೇ ದೂರ ಬರಬೇಕು. ಮೋಟಾರಿಗೆ ಅದು ಎರಡು ನಿಮಿಷ. ಕಾಯಿಯ ಮೂಟೆ ಹೊತ್ತ ಸೈಕಲ್ಲಿಗೆ ಅರ್ಧ ಗಂಟೆ. ಆದ್ದರಿಂದ ಆತ ಎದುರು ದಿಕ್ಕಿನಲ್ಲಿ, ಅಂಚು ಹಿಡಿದು ಬರುತ್ತಾನೆ. ಅಪಘಾತವಾದರೆ ‘ತಪ್ಪು ದಿಕ್ಕಿನಲ್ಲಿ ಬಂದಿದ್ದ’ ಎಂದು ಬರೆಯಲಾಗುತ್ತದೆ. ಆ ತಪ್ಪನ್ನು ನಕ್ಷೆಯಲ್ಲಿಯೇ ಬರೆದಿಡಲಾಗಿತ್ತು ಎಂಬುದು ನನ್ನ ಆಕ್ಷೇಪಣೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ವಾಹನ, ಚಾಲಕನ ಕಾಲು ಬ್ರೇಕನ್ನು ಮುಟ್ಟುವ ಒಂದು ಸೆಕೆಂಡಿನಲ್ಲೇ 22 ಮೀಟರು ಮುಂದೆ ಬಂದಿರುತ್ತದೆ. ಅದರ ಹೊಡೆತದ ಶಕ್ತಿ 40ರ ವೇಗಕ್ಕಿಂತ ಎರಡರಷ್ಟಲ್ಲ, ನಾಲ್ಕರಷ್ಟು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳಿದೆ.

ಹೆದ್ದಾರಿಯನ್ನು ಮಾತ್ರ ದೂರಿದರೆ ನ್ಯಾಯವಾಗದು. ನಮ್ಮ ಒಳರಸ್ತೆಗಳ ಅಪಾಯಗಳಲ್ಲಿ ಕೆಲವನ್ನು ನಾವೇ ಹರಡಿದ್ದೇವೆ, ಅಕ್ಷರಶಃ. ಸುಗ್ಗಿ ಬಂದೊಡನೆ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುತ್ತೇವೆ. ಹುರುಳಿಯ ಬಳ್ಳಿ ಸರಪಳಿಗೂ ಫ್ರೀವೀಲಿಗೂ ಸುತ್ತಿಕೊಂಡರೆ ಗಾಲಿ ಇದ್ದಲ್ಲೇ ಸಿಕ್ಕಿಕೊಳ್ಳುತ್ತದೆ. ರಾಗಿಹುಲ್ಲಿನ ಮೇಲೆ ಬ್ರೇಕು ಹಿಡಿದರೆ ಸೈಕಲ್ಲು ಅಡ್ಡ ಮಲಗುತ್ತದೆ. ರಾತ್ರಿ ಆ ರಾಶಿಯ ಸುತ್ತ ಇಟ್ಟ ಕಲ್ಲುಗಳನ್ನು ಬೆಳಿಗ್ಗೆ ತೆಗೆಯಲು ಮರೆಯುತ್ತೇವೆ. ಕಣವೆಂಬುದು ಊರಿಗೆ ಇಲ್ಲವಾದದ್ದೇ ಇದಕ್ಕೆ ಕಾರಣ. ಪಂಚಾಯಿತಿಗಳು ಸಿಮೆಂಟಿನ ಸಾಮೂಹಿಕ ಕಣ ಕಟ್ಟಿಸಿಕೊಟ್ಟರೆ ಇದಕ್ಕೆ ಪರಿಹಾರವುಂಟು. ಸಿಪ್ಪೆ, ಸೋಗೆ ಹೇರಿದ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ಬಿಲ್ಲೆಯೂ ಇಲ್ಲದೆ ಸಂಜೆ ಓಡಾಡುತ್ತವೆ. ಡಾಂಬರಿನ ಅಂಚು ಮಣ್ಣಿಗಿಂತ ಗೇಣೆತ್ತರ ಇರುವಲ್ಲಿ, ಹಿಂದಿನ ಹಾರನ್ನಿಗೆ ಬೆದರಿ ಕೆಳಗಿಳಿದ ಮಕ್ಕಳು ಬೀಳುತ್ತಾರೆ.

ದೀಪದ ವಿಷಯದಲ್ಲಿ ನಾವು ಹಿಂದಕ್ಕೆ ಹೋಗಿದ್ದೇವೆ. ಡೈನಮೋ ದೀಪವಿಲ್ಲದೆ ರಾತ್ರಿ ಪೇಟೆಗೆ ಹೋದರೆ ಪೊಲೀಸರು ಹಿಡಿಯುತ್ತಿದ್ದ ಕಾಲವನ್ನು ಇಲ್ಲಿರುವ ಹಿರಿಯರು ಬಲ್ಲರು. ಸೈಕಲ್ಲಿನ ಪ್ರತಿಫಲಕಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿದೆ. ಆದರೆ ಈಗಾಗಲೇ ಓಡುತ್ತಿರುವ ಹಳೆಯ ಸೈಕಲ್ಲಿಗೆ ಅದನ್ನು ಅಂಟಿಸುವವರು ಯಾರು? ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ಪ್ರತಿಫಲಕ ಪಟ್ಟಿ, ಎರಡೂ ಪೆಡಲಿಗೆ ಹಳದಿ. ಪೆಡಲು ಮೇಲೆ ಕೆಳಗೆ ಆಡುವುದರಿಂದ ಹಿಂದಿನ ಚಾಲಕನಿಗೆ ಅದು ಸೈಕಲ್ಲೆಂದು ದೂರದಿಂದಲೇ ತಿಳಿಯುತ್ತದೆ. ಶಿರಸ್ತ್ರಾಣ ಧರಿಸುವುದು ಒಳ್ಳೆಯದೇ. ಆದರೆ ಅದು ಬಿದ್ದ ಮೇಲೆ ನೆರವಾಗುವ ವಸ್ತು. ಕಾಣಿಸಿಕೊಳ್ಳುವುದು ಬೀಳುವ ಮೊದಲಿನದು.

ನಮ್ಮಲ್ಲಿ ಇನ್ನೊಂದು ದಾರಿಯುಂಟು. ತಿಪಟೂರು, ತುರುವೇಕೆರೆ ತಾಲ್ಲೂಕುಗಳಲ್ಲಿ ಹಾದುಹೋಗುವ ಹೇಮಾವತಿ ನಾಲೆಯ ಏರಿಯ ಮೇಲಿನ ರಸ್ತೆ. ಲಾರಿಯಿಲ್ಲ, ಹೆಚ್ಚು ಏರಿಳಿತವಿಲ್ಲ, ಎರಡೂ ಕಡೆ ತೆಂಗಿನ ನೆರಳು. ನೀರಿನ ಬದಿಗೆ ತಡೆಗೋಡೆಯಿಲ್ಲದ ಕಡೆಗಳಲ್ಲಿ ಸೊಂಟದೆತ್ತರದ ಬೇಲಿ, ಅಲ್ಲಲ್ಲಿ ಜಲ್ಲಿ ಹಾಸು, ಇಷ್ಟಾದರೆ ಶಾಲೆಯ ಮಕ್ಕಳಿಗೆ ಅದು ಸಿದ್ಧವಾದ ಸೈಕಲ್ ದಾರಿ. ನಿಮ್ಮ ಕಡೆಯೂ ಹಳೆಯ ಗಾಡಿದಾರಿಗಳು ಇದ್ದೇ ಇರುತ್ತವೆ. ಅವು ಒತ್ತುವರಿಯಾಗುವ ಮೊದಲು ಗ್ರಾಮನಕ್ಷೆ ತೆರೆದು ಗುರುತಿಸಿ, ಗ್ರಾಮಸಭೆಯಲ್ಲಿ ನಡಾವಳಿಗೆ ಸೇರಿಸಿ. ಹೆದ್ದಾರಿ ನಿಮ್ಮ ಊರಿನ ಬಳಿ ಅಗಲವಾಗುವ ಮುನ್ನ ಸಾರ್ವಜನಿಕ ಅಹವಾಲು ಸಭೆ ಕರೆದರೆ, ಕಡಿಯುವ ಮರಗಳ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಹೈಸ್ಕೂಲಿನ ಹುಡುಗಿ ಸೈಕಲ್ಲಿನಲ್ಲಿ ಈ ರಸ್ತೆಯನ್ನು ಎಲ್ಲಿ ದಾಟಬೇಕು? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಸಭೆ ಮುಗಿದ ಮೇಲೆ ವಿದ್ಯಾರ್ಥಿಗಳು ತಮ್ಮ ಸೈಕಲ್ಲುಗಳನ್ನು ಅಂಗಳಕ್ಕೆ ತರಲಿ. ಹದಿನೆಂಟು ಮತ್ತು ಇಪ್ಪತ್ತೆರಡು ಹಲ್ಲಿನ ಎರಡು ಫ್ರೀವೀಲುಗಳನ್ನು ತಂದಿದ್ದೇನೆ. ಶಾಲೆಯ ಹಿಂದಿನ ದಿಬ್ಬದಲ್ಲಿ ಒಂದೊಂದನ್ನೂ ಹಾಕಿ ತುಳಿದು ನೋಡೋಣ.