ಹಸುವಿನ ಕಾಲಿಗೆ ಕಟ್ಟಿದ್ದು, ನಮ್ಮ ಜೇಬಿಗೆ ಬಂದದ್ದು

(ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ಮುಂದೆ ನಿಂತಾಗಲೆಲ್ಲ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಎಂದು ಹೇಳುವುದು ನನ್ನ ವಾಡಿಕೆ. ಇಂದು ರಾಸುಗಳನ್ನು ಬಿಟ್ಟು ರಾಸು ಸಾಕುವವರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಾನು ದನದ ಡಾಕ್ಟರು, ಆದ್ದರಿಂದ ಮಾತು ಹಸುವಿನಿಂದಲೇ ಶುರುವಾಗಲಿ.

ಬೆದೆಗೆ ಬಂದ ಹಸು ನಿಂತಲ್ಲಿ ನಿಲ್ಲುವುದಿಲ್ಲ. ಕಟ್ಟದೆ ಬಿಟ್ಟಿದ್ದರೆ ಅದು ಮಾಮೂಲಿಗಿಂತ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ನಡೆಯುತ್ತದೆ. ಇದನ್ನು ಗಮನಿಸಿ ಇಸ್ರೇಲ್ ದೇಶದಲ್ಲಿ 1980ರ ದಶಕದಲ್ಲೇ ಹಸುಗಳ ಕಾಲಿಗೆ ಹೆಜ್ಜೆ ಎಣಿಸುವ ಸಾಧನ ಕಟ್ಟಿದರು. ಒಂದು ಬೆದೆ ಕೈತಪ್ಪಿದರೆ 21 ದಿನ ಕಾಯಬೇಕಲ್ಲ, ಅದಕ್ಕೆ. ಈಗ ಅಂಥದೇ ಲೆಕ್ಕ ನಿಮ್ಮ ಜೇಬಿನ ಸ್ಮಾರ್ಟ್‌ಫೋನಿನಲ್ಲಿದೆ. ಅಲುಗಾಟ ಅಳೆಯುವ ಒಂದು ಸಣ್ಣ ಭಾಗ ಫೋನಿನೊಳಗಿರುತ್ತದೆ. ಆ್ಯಪ್ ಅದನ್ನು ನೋಡಿ ಹೆಜ್ಜೆ ಎಣಿಸುತ್ತದೆ.

ಇದರ ಗೊಡವೆಗೆ ನಾನಾಗಿ ಹೋದವನಲ್ಲ. ಮೂರು ವರ್ಷದ ಹಿಂದೆ ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ಗೊತ್ತಾಯಿತು. ನನಗೆ ನಂಬಿಕೆಯೇ ಬರಲಿಲ್ಲ. "ದಿನಾ ಏಳೆಂಟು ಹಳ್ಳಿ ಸುತ್ತುತ್ತೇನೆ ಸ್ವಾಮಿ" ಎಂದೆ. ವೈದ್ಯರು, "ಸುತ್ತುವುದು ನೀವೋ, ನಿಮ್ಮ ಬೈಕೋ?" ಎಂದು ಕೇಳಿದರು. ಮನೆಗೆ ಬಂದು ಆ್ಯಪ್ ಹಾಕಿಕೊಂಡೆ. ಒಂದು ವಾರ ನೋಡಿದರೆ ದಿನಕ್ಕೆ 2,600 ಹೆಜ್ಜೆ ದಾಟಿರಲಿಲ್ಲ. ಹಸುಗಳನ್ನು ದಿನವಿಡೀ ಗೂಟಕ್ಕೆ ಕಟ್ಟಬೇಡಿ, ಸ್ವಲ್ಪ ಅಡ್ಡಾಡಲು ಬಿಡಿ ಎಂದು ಊರೂರಲ್ಲಿ ಹೇಳುವವನ ಲೆಕ್ಕ ಇದು!

ನಿಮ್ಮದೂ ಸ್ವಲ್ಪ ನೋಡಿಕೊಳ್ಳಿ. ಹಿಂದೆ ದನಗಳ ಹಿಂದೆ ಗೋಮಾಳ ಸುತ್ತುತ್ತಿದ್ದಿರಿ. ಈಗ ಮಿಶ್ರತಳಿ ಹಸು ಕೊಟ್ಟಿಗೆಯಲ್ಲೇ ಇರುತ್ತದೆ. ಹಾಲು ಕರೆಯಲು ಯಂತ್ರ, ಮೇವು ಕತ್ತರಿಸಲು ಯಂತ್ರ, ಮುನ್ನೂರು ಮಾರು ದೂರದ ಡೇರಿಗೆ ಕ್ಯಾನು ತರಲು ಬೈಕು. ಯಂತ್ರ ಬೇಡವೆನ್ನುತ್ತಿಲ್ಲ, ಕೊಳ್ಳಿರೆಂದು ಹೇಳಿದವರಲ್ಲಿ ನಾನೂ ಒಬ್ಬ. ಆದರೆ ಊಟ ಮಾತ್ರ ಗೋಮಾಳದ ಕಾಲದ್ದೇ ಉಳಿದಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಹಳ್ಳಿಯವರೇನೂ ಅದರಿಂದ ಹೊರಗಿಲ್ಲ.

ಆ್ಯಪ್ ನಿಮ್ಮನ್ನು ನಡೆಸುವುದಿಲ್ಲ, ಬರೆದಿಡುತ್ತದೆ ಅಷ್ಟೆ. ಆದರೆ ಬರೆದಿಡುವುದರ ಬಲ ನಿಮಗೆ ಹೇಳಿಕೊಡಬೇಕಾಗಿಲ್ಲ. ಹಾಲಿನ ಕಾರ್ಡಿನಲ್ಲಿ ಅರ್ಧ ಲೀಟರು ಕಡಿಮೆ ಕಂಡ ದಿನ ನೀವು ಹಸುವಿನ ಮೇವು, ನೀರು, ಕೆಚ್ಚಲು ಎಲ್ಲ ನೋಡುತ್ತೀರಿ. ಕಾರ್ಡು ಇಲ್ಲದಿದ್ದರೆ "ಏನೋ, ಕೊಡುತ್ತಿದೆ" ಎಂದು ಸುಮ್ಮನಾಗುತ್ತಿದ್ದಿರಿ. ಸಂಜೆ ಆ್ಯಪ್ 2,000 ತೋರಿಸಿದಾಗ ನಾನು ಊಟವಾದ ಮೇಲೆ ಚಪ್ಪಲಿ ಹಾಕಿಕೊಂಡು ಹೊರಡುವುದು ಇದೇ ಕಾರಣಕ್ಕೆ. ಮೊದಲ ತಿಂಗಳು 500 ಹೆಜ್ಜೆ ಹೆಚ್ಚಿಸಿದೆ, ಆಮೇಲೆ ಇನ್ನೊಂದು 500. ಹಿಂಡಿ ಹೆಚ್ಚಿಸುವಾಗ ಒಂದೇ ದಿನ ಎರಡು ಕೆ.ಜಿ. ಸುರಿಯುವುದಿಲ್ಲವಲ್ಲ, ಹಾಗೆ.

ದಿನಕ್ಕೆ 10,000 ಹೆಜ್ಜೆ ಆಗಲೇಬೇಕು ಎಂಬ ಮಾತಿಗೆ ಹೆದರಬೇಡಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನ ಮಾರಲು ಅದಕ್ಕೆ "ಹತ್ತು ಸಾವಿರ ಹೆಜ್ಜೆಯ ಮಾಪಕ" ಎಂಬ ಅರ್ಥದ ಹೆಸರಿಟ್ಟಿತು. ಆ ಅಂಕಿ ಬಂದದ್ದು ಅಲ್ಲಿಂದ. ಅಮೆರಿಕದ ವಯಸ್ಸಾದ ಹೆಂಗಸರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2,700 ಹೆಜ್ಜೆಯ ಆಸುಪಾಸಿನವರಿಗಿಂತ 4,400 ನಡೆಯುವವರಲ್ಲೇ ಸಾವಿನ ಪ್ರಮಾಣ ಕಡಿಮೆ ಕಂಡಿತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಚಟುವಟಿಕೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಆಯಿತು.

ತಾಯಂದಿರು ನಗುತ್ತಿದ್ದೀರಿ. ಸರಿಯೇ. ಹುಲ್ಲು ಕೊಯ್ದು ಹೊರೆ ಹೊತ್ತು ತರುವವರಿಗೆ ಆ್ಯಪ್ ಏನು ಹೇಳೀತು? ಅದಕ್ಕೆ ಹೆಜ್ಜೆ ತಿಳಿಯುತ್ತದೆ, ತಲೆಯ ಮೇಲಿನ ಹೊರೆ ತಿಳಿಯುವುದಿಲ್ಲ. ಫೋನು ಮನೆಯ ಗೂಡಿನಲ್ಲಿದ್ದರೆ ಹೆಜ್ಜೆಯೂ ಸೊನ್ನೆಯೇ. ಹೊಲ ಕೊಟ್ಟಿಗೆಗಳಲ್ಲಿ ಬೆವರಿಳಿಸುವ ಕೆಲಸವೂ ಚಟುವಟಿಕೆಯೇ. ಅಂಥವರಿಗೆ ಆ್ಯಪ್ ಅಲ್ಲ, ಮಧ್ಯಾಹ್ನ ಒಂದು ಗಂಟೆ ವಿಶ್ರಾಂತಿ ಬೇಕು. ಮನೆಯ ಗಂಡಸರು ಇದನ್ನು ಕೇಳಿಸಿಕೊಳ್ಳಲಿ. ಹೊರೆ ತರಲು ಅವರೇ ಹೋದರೆ ಅವರ ಲೆಕ್ಕವೂ ಏರುತ್ತದೆ.

ಇನ್ನು ಕೆಲವು ಎಚ್ಚರಿಕೆ. ಗುಂಡಿ ಬಿದ್ದ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕೂತು ಬಂದರೂ ಕೆಲವು ಫೋನುಗಳು ಒಂದಷ್ಟು ಹೆಜ್ಜೆ ತೋರಿಸುತ್ತವೆ, ಅದನ್ನು ನೋಡಿ ಹಿಗ್ಗಬೇಡಿ. ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಾಗಿಲ್ಲ. ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಫಿಟ್ ಇಂಡಿಯಾ ಆ್ಯಪನ್ನು ಉಚಿತವಾಗಿಯೇ ಬಿಡುಗಡೆ ಮಾಡಿತು. ಹೆಜ್ಜೆ ಎಣಿಸುವ ಆ್ಯಪ್ ನಿಮ್ಮ ಫೋನ್ ನಂಬರುಗಳ ಪಟ್ಟಿ ಕೇಳಿದರೆ ಒಪ್ಪಬೇಡಿ, ಹೆಜ್ಜೆಗೂ ಅದಕ್ಕೂ ಸಂಬಂಧವಿಲ್ಲ. ಎದೆನೋವು, ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ಬಿರುಸಾಗಿ ನಡೆಯಬೇಡಿ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಲೇಬೇಡಿ, ಕೊಟ್ಟಿಗೆಯಲ್ಲೂ ಬೇಡ. ಮುಳ್ಳು ಚುಚ್ಚಿದರೂ ಗೊತ್ತಾಗದೆ ಹುಣ್ಣಾಗುತ್ತದೆ. ರಾತ್ರಿ ಪಾದ ನೋಡಿಕೊಂಡು ಮಲಗಿ.

ಸಭೆ ಮುಗಿದ ಮೇಲೆ ಅರ್ಧ ಗಂಟೆ ಇಲ್ಲೇ ಇರುತ್ತೇನೆ. ಆ್ಯಪ್ ಹಾಕಿಕೊಳ್ಳಲು ತಿಳಿಯದವರು ಫೋನು ತನ್ನಿ. ಜಂತುನಾಶಕದ ವಿಷಯ ಕೇಳುವವರೂ ಬನ್ನಿ.