ದಾರಿಗೂ ಒಂದು ದಿನದ ರಜೆ
(ಹಬ್ಬದ ರಜೆಗೆ ಮುಂಚೆ ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಜೆಯ ಹೊತ್ತು ಪುಸ್ತಕ ಕೊಟ್ಟು ಪಡೆಯುವ ಲೆಕ್ಕ ಬರೆಯುವುದಷ್ಟೇ ಇಲ್ಲಿ ನನ್ನ ಸೇವೆ. ಭಾಷಣದ ರೂಢಿ ನನಗಿಲ್ಲ. ಆದರೂ ಹಬ್ಬಕ್ಕೆ ಮೋಟಾರಿನಲ್ಲಿ ಊರಿಗೆ ಹೊರಡುವವರಿಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನನಗೆ ತಿಳಿದಷ್ಟನ್ನು ತಮ್ಮ ಮುಂದಿಡುತ್ತೇನೆ.

ಹಗಲು ಹೊತ್ತಿನಲ್ಲಿ ನಾನು ಗಿರಣಿಯ ಗುಮಾಸ್ತ. ಹಾಜರಿ ಪುಸ್ತಕ, ರಜೆಯ ಅರ್ಜಿ ಇವೇ ನನ್ನ ಪ್ರಪಂಚ. ಚೌತಿ, ದೀಪಾವಳಿ ಬಂತೆಂದರೆ ಮೇಜಿನ ಮೇಲೆ ಅರ್ಜಿಗಳ ರಾಶಿ ಬೀಳುತ್ತದೆ. ಹಬ್ಬದ ದಿನಕ್ಕೆ ರಜೆ, ಪೂಜೆಗೆ ರಜೆ, ಅಕ್ಕನ ಮನೆಗೆ ಹೋಗಲು ರಜೆ. ಆದರೆ ದಾರಿಗೆಂದು ಒಂದು ದಿನ ಕೇಳಿದ ಅರ್ಜಿ ಬಲು ಅಪರೂಪ. ಸಂಜೆ ಪಾಳಿ ಮುಗಿಸಿ, ರಾತ್ರಿಯೇ ಗಾಡಿ ತೆಗೆದು, ಬೆಳಗಿನ ಕಾಫಿಗೆ ಊರಿನಲ್ಲಿರಬೇಕೆಂಬುದು ಎಲ್ಲರ ಹವಣಿಕೆ. ಮರಳುವಾಗಲೂ ಅಷ್ಟೇ. ಕೊನೆಯ ರಾತ್ರಿಯೆಲ್ಲ ಗಾಡಿ ಓಡಿಸಿ, ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಬಂದು ರುಜು ಹಾಕುತ್ತಾರೆ. ಹಬ್ಬದ ಪ್ರಯಾಣದ ದೊಡ್ಡ ಅಪಾಯ ಈ ಲೆಕ್ಕದಲ್ಲಿಯೇ ಅಡಗಿದೆಯೆಂದು ನನ್ನ ನಂಬಿಕೆ.

ಮುಂಬಯಿಯಿಂದ ಹುಬ್ಬಳ್ಳಿ 600 ಕಿಲೋಮೀಟರಿಗೆ ಸಮೀಪ. ಮಂಗಳೂರು ಸುಮಾರು 900. ಹಬ್ಬದ ದಟ್ಟಣೆಯಲ್ಲಿ ಗಂಟೆಗೆ ಸರಾಸರಿ 50 ಕಿಲೋಮೀಟರು ಸಾಗಿದರೆ ಹುಬ್ಬಳ್ಳಿಗೆ 12 ಗಂಟೆ, ಮಂಗಳೂರಿಗೆ 18 ಗಂಟೆ. ಸಂಬಳಕ್ಕೆ ಗಾಡಿ ನಡೆಸುವವನಿಗೂ ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೆಲಸ ಸಲ್ಲದೆಂಬ ಮಿತಿಯನ್ನು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ಹಾಕಿತ್ತು. ಅವನು ನುರಿತ ಚಾಲಕ. ನಾವೋ, ಎಂಟು ಗಂಟೆ ಪಾಳಿ ದುಡಿದು, ಅದರ ಮೇಲೆ ಹನ್ನೆರಡು ಗಂಟೆ ಚಕ್ರ ಹಿಡಿಯುತ್ತೇವೆ!

ನಿದ್ದೆ ಹೇಳಿ ಕೇಳಿ ಬರುವುದಿಲ್ಲ. ದಣಿದವನಿಗೆ ಮೂರು ನಾಲ್ಕು ಸೆಕೆಂಡಿನ ಜೊಂಪು ಹತ್ತಿದರೆ ಅದು ಅವನ ಅರಿವಿಗೇ ಬಾರದು. ಗಂಟೆಗೆ 90 ಕಿಲೋಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ 25 ಮೀಟರು ಓಡುತ್ತದೆ. ನಾಲ್ಕು ಸೆಕೆಂಡಿಗೆ 100 ಮೀಟರು! ಅಷ್ಟು ದೂರ ಆ ಗಾಡಿಗೆ ಯಜಮಾನನೇ ಇಲ್ಲ. ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ವೇಳೆ ಇದಕ್ಕೆ ಬಲು ಕೆಟ್ಟದ್ದು. ಊಟವಾದ ನಂತರದ ಮಧ್ಯಾಹ್ನವೂ ಹಾಗೆಯೇ. ಕಿಟಕಿ ತೆರೆಯುವುದು, ಹಾಡು ಹಾಕುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು, ಇವು ಯಾವುವೂ ನಿದ್ದೆಗೆ ಬದಲಿಯಲ್ಲ. ಕಾಫಿ ಕುಡಿದರೂ ಅದರ ಗುಣ ಹತ್ತಲು ಅರ್ಧ ಗಂಟೆ ಬೇಕು. ಕಾಫಿ ಕುಡಿದು, ಬೆಳಕಿರುವ ತಂಗುದಾಣದಲ್ಲಿ ಗಾಡಿ ನಿಲ್ಲಿಸಿ, ಇಪ್ಪತ್ತು ನಿಮಿಷ ಮಲಗಿದರೆ ಅದು ಸ್ವಲ್ಪ ಕೆಲಸಕ್ಕೆ ಬಂದೀತು. ನಿಜವಾದ ಮದ್ದು ರಾತ್ರಿಯ ನಿದ್ದೆಯೇ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಪಾಳಿ ಮುಗಿದ ರಾತ್ರಿ ಮನೆಯಲ್ಲಿ ಮಲಗಿ, ನಸುಕಿನಲ್ಲಿ ಎದ್ದು ಹೊರಡಿರಿ. ಎರಡು ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸಿರಿ. ಕರಾವಳಿಗೆ ಹೋಗುವವರು ಕೊಲ್ಲಾಪುರದಲ್ಲೋ ಬೆಳಗಾವಿಯಲ್ಲೋ ಒಂದು ರಾತ್ರಿ ತಂಗಿರಿ. ಅದಕ್ಕಾಗಿ ಒಂದು ದಿನ ಹೆಚ್ಚು ರಜೆ ಕೇಳಿರಿ. ರಜೆ ಸಿಗದಿದ್ದರೆ ರೈಲು ಇದೆ, ಬಸ್ಸು ಇದೆ. ಕೊಂಕಣ ರೈಲುಮಾರ್ಗ 1998ರಲ್ಲಿಯೇ ಮಂಗಳೂರಿನವರೆಗೆ ತೆರೆದಿದೆ.

ವೇಗದಿಂದ ಹೊತ್ತು ಉಳಿಯುತ್ತದೆಂದು ಕೆಲವರ ವಾದ. ಲೆಕ್ಕ ಹಾಕಿ ನೋಡೋಣ. ನೂರು ಕಿಲೋಮೀಟರಿಗೆ 80ರ ವೇಗದಲ್ಲಿ 75 ನಿಮಿಷ. 100ರ ವೇಗದಲ್ಲಿ 60 ನಿಮಿಷ. ಉಳಿತಾಯ ಕಾಲು ಗಂಟೆ. ಮುಂದಿನ ಟೋಲ್ ನಾಕೆಯ ಸಾಲಿನಲ್ಲಿ ಅದೂ ಕರಗಿಹೋಗುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವಿಗೆ ಅತಿವೇಗವೇ ಕಾರಣವೆಂದು ಬರೆದಿದೆ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ದಾರಿಯಲ್ಲಿ ಘಟ್ಟಗಳು ಬಹಳ. ಖಂಡಾಳದಿಂದ ಹಿಡಿದು ಯಲ್ಲಾಪುರದಾಚೆಯ ಅರಬೈಲಿನವರೆಗೂ ಸೂತ್ರ ಒಂದೇ: ಏರುವಾಗ ಹಾಕಿದ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಎಣ್ಣೆ ಉಳಿಸಲೆಂದು ಗೇರು ತೆಗೆದು ಅಥವಾ ಎಂಜಿನ್ ನಿಲ್ಲಿಸಿ ಇಳಿಯುವುದಂತೂ ಆತ್ಮಘಾತ. ಊರಿಂದ ಮರಳುವಾಗ ಪುಣೆಯ ಹತ್ತಿರ ಕಾತ್ರಜ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರಿದೆ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಲಾರಿಯೊಂದು ಹತೋಟಿ ತಪ್ಪಿ ಸುಮಾರು 48 ವಾಹನಗಳು ಜಖಂಗೊಂಡವು. ಅಲ್ಲಿ ನಿಮ್ಮ ಗಾಡಿ ಸರಿಯಾಗಿದ್ದರೆ ಸಾಲದು. ಕನ್ನಡಿಯಲ್ಲಿ ಹಿಂದಿನ ಲಾರಿಯ ಮೇಲೂ ಕಣ್ಣಿರಬೇಕು.

ಇನ್ನು ಹಿಂದಿನ ಸೀಟಿನವರ ಮಾತು. ಬೆಲ್ಟು ಮುಂದಿನವರಿಗೆ ಮಾತ್ರವೆಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. 2022ರ ಸೆಪ್ಟೆಂಬರ್ 4ರಂದು, ಗಣೇಶೋತ್ಸವದ ದಿನಗಳಲ್ಲಿಯೇ, ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲಘರ್ ಜಿಲ್ಲೆಯ ಹೆದ್ದಾರಿಯಲ್ಲಿ ತೀರಿಕೊಂಡರು. ಗಾಡಿ ಬೆಲೆಬಾಳುವಂಥದೇ, ಹಿಂದೆ ಕುಳಿತವರು ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರಿಗೆ ಕೈಮುಗಿದು ಹೇಳುತ್ತೇನೆ: ಗಾಡಿ ಗುದ್ದಿದ ಹೊತ್ತಿನಲ್ಲಿ ಯಾವ ತಾಯಿಯ ತೋಳಿಗೂ ಮಗುವನ್ನು ಹಿಡಿದಿಡುವ ಶಕ್ತಿಯಿರದು. ಮಗುವಿಗೆ ಅದರದೇ ಆಸನ ಬೇಕು.

ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿರಿ. ಊರಿನಿಂದ ತೆಂಗಿನಕಾಯಿ, ಅಕ್ಕಿ, ಹಲಸು ತುಂಬಿಕೊಂಡು ಬರುವಾಗ ಗಾಡಿಯ ತೂಕವೇ ಬೇರೆ; ಗಾಳಿಯ ಲೆಕ್ಕವೂ ಬೇರೆ, ಬ್ರೇಕು ಹಿಡಿಯುವ ದೂರವೂ ಬೇರೆ. ಗಾಡಿ ಕೆಟ್ಟು ನಿಂತರೆ ಒಳಗೆ ಕೂರಬೇಡಿರಿ. ಹಿಂದೆ ಕೆಂಪು ತ್ರಿಕೋನ ಇಟ್ಟು, ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಎಲ್ಲೆಡೆಗೂ 112. ಇತರರ ಅಪಘಾತ ಕಂಡರೆ ಪೊಲೀಸರ ಭಯದಿಂದ ಮುಂದೆ ಸಾಗಬೇಡಿರಿ. 2019ರ ತಿದ್ದುಪಡಿಯ ಪ್ರಕಾರ, ಸದ್ಭಾವದಿಂದ ನೆರವಾದವನ ಮೇಲೆ ಮೊಕದ್ದಮೆ ಇಲ್ಲ. ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ.

ಬಾಡಿಗೆ ಗಾಡಿ ಮಾಡುವವರಿಗೆ ಒಂದು ಮಾತು. ನಾವು ಹೋಳಿಗೆ ಊಟ ಮಾಡಿ ಚಾಪೆಯ ಮೇಲೆ ಮಲಗುತ್ತೇವೆ. ಚಾಲಕ ಗಾಡಿಯೊಳಗೆ ಬೆವರುತ್ತ ಕೂತಿರುತ್ತಾನೆ. ರಾತ್ರಿ ಅವನ ಕೈಯಲ್ಲೇ ನಮ್ಮ ಮಕ್ಕಳ ಪ್ರಾಣ. ಅವನಿಗೆ ಎಲೆ ಹಾಕಿದಂತೆ ಹಾಸಿಗೆಯನ್ನೂ ಹಾಕಿಕೊಡಿರಿ.

ಊರಿನ ಹಿರಿಯರಿಗೆ ಈಗಲೇ ತಿಳಿಸಿಬಿಡಿರಿ: “ಇಂಥ ಗಂಟೆಗೇ ಬರುತ್ತೇವೆಂದು ಹೇಳಲಾರೆವು, ಊಟಕ್ಕೆ ಕಾಯಬೇಡಿ, ದಾರಿಯಲ್ಲಿ ಫೋನು ಮಾಡಬೇಡಿ, ನಾವೇ ನಿಂತಾಗ ಮಾಡುತ್ತೇವೆ” ಎಂದು. ರಜೆ ಮಂಜೂರು ಮಾಡುವ ಸ್ಥಾನದಲ್ಲಿರುವ ಮಹನೀಯರೂ ಈ ಸಭೆಯಲ್ಲಿ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ, ದಾರಿಗೆಂದು ಒಂದು ದಿನ ಕೇಳಿದವನನ್ನು ಸೋಮಾರಿಯೆಂದು ತಿಳಿಯದಿರಿ. ಹಬ್ಬ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಒಂದು ದಿನ ಕಡಿಮೆಯಾದರೆ ಮುಂದೆ ತುಂಬಿಕೊಳ್ಳಬಹುದು. ಒಂದು ಹೆಸರೇ ಕಡಿಮೆಯಾದರೆ ತುಂಬುವುದು ಹೇಗೆ?

ಹಬ್ಬ ಮುಗಿಸಿ ಎಲ್ಲರೂ ಸುಖವಾಗಿ ಬನ್ನಿರಿ. ಹೊರಡುವ ಮುಂಚೆ ತೆಗೆದುಕೊಂಡ ಪುಸ್ತಕಗಳನ್ನು ಹಿಂದಿರುಗಿಸಿ ಹೋಗಬೇಕೆಂದೂ ಪ್ರಾರ್ಥನೆ.